ಸುಶಿ ಬಾಣಸಿಗನ ಕೈ: ಒಂದು ಕಸುಬಿನ ಚರಿತ್ರೆ

ಸುಶಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಸಿ ಮೀನು. ಆದರೆ ಜಪಾನೀ ಭಾಷೆಯಲ್ಲಿ ಹಸಿ ಮೀನಿನ ಹೋಳಿಗೆ ಸಾಶಿಮಿ ಎಂಬ ಬೇರೆ ಹೆಸರೇ ಇದೆ. ಸುಶಿ ಎಂಬ ಪದದ ಮೂಲಾರ್ಥ ‘ಹುಳಿಯಾದದ್ದು’. ಹುಳಿ ಬೆರೆತ ಅನ್ನವಿಲ್ಲದೆ ಸುಶಿಯಾಗದು, ಮೀನಿಲ್ಲದೆ ಆದೀತು. ಸೌತೆಕಾಯಿಯನ್ನಿಟ್ಟು ಸುತ್ತಿದ್ದೂ ಸುಶಿಯೇ, ಒಣಗಿಸಿದ ಸೋರೆಕಾಯಿಯ ಪಟ್ಟಿಯನ್ನು ಬೇಯಿಸಿಟ್ಟು ಸುತ್ತಿದ್ದೂ ಸುಶಿಯೇ. ಮೀನು ಮುಟ್ಟದ ನಮ್ಮ ಬಳಗದ ಓದುಗರು ಈ ಬರಹವನ್ನು ಇಲ್ಲಿಗೇ ಕೈಬಿಡಬಾರದೆಂಬ ಆಸೆಯಿಂದ ಈ ಮಾತನ್ನು ಮೊದಲೇ ಹೇಳಿಬಿಟ್ಟೆವು.

ನಮ್ಮ ಕುತೂಹಲವಿರುವುದು ತಿನಿಸಿನ ಬಗ್ಗೆ ಅಷ್ಟಿಲ್ಲ, ಅದನ್ನು ಮಾಡುವ ಕೈಯ ಬಗ್ಗೆ. ಸುಶಿಯ ಕಸುಬು ಕಲಿಯಲು ಎಷ್ಟು ಕಾಲ ಬೇಕು? ಅನ್ನ ಬೇಯಿಸಲು ಮೂರು ವರ್ಷ, ಸುಶಿ ಹಿಡಿಯಲು ಎಂಟು ವರ್ಷ ಎಂಬುದು ಜಪಾನಿನ ಹಳೆಯ ಮಾತು. ಟೋಕಿಯೋದ ಇಂದಿನ ಸುಶಿ ಶಾಲೆಗಳು ಕೆಲವೇ ತಿಂಗಳಲ್ಲಿ ಕಲಿಸಿ ಕಳುಹಿಸುತ್ತವೆ. ಕಾರ್ಖಾನೆಯ ಯಂತ್ರವಂತೂ ಏನನ್ನೂ ಕಲಿಯದೆಯೇ ಅನ್ನದ ಉಂಡೆಗಳನ್ನು ಉದುರಿಸುತ್ತದೆ. ಹನ್ನೊಂದು ವರ್ಷ, ಮೂರು ತಿಂಗಳು, ಶೂನ್ಯ: ಈ ಮೂರು ಉತ್ತರಗಳಲ್ಲಿ ಯಾವುದು ಸರಿಯೆಂದು ತೂಗಬೇಕಾದರೆ ಆ ಕಸುಬು ಯಾವ ಅಗತ್ಯದಿಂದ ಹುಟ್ಟಿತು, ಆ ಅಗತ್ಯಗಳು ಒಂದೊಂದಾಗಿ ಕಳಚಿದಾಗ ಏನಾಯಿತು ಎಂಬುದನ್ನು ನೋಡಬೇಕಾಗುತ್ತದೆ.

ಮೊದಲ ಅಗತ್ಯ ಮೀನನ್ನು ಕೆಡದಂತೆ ಇಡುವುದು. ಭತ್ತದ ಗದ್ದೆಗಳೂ ಸಿಹಿನೀರ ಮೀನೂ ಜೊತೆಯಾಗಿರುವ ಆಗ್ನೇಯ ಏಷ್ಯಾದ ಮೆಕಾಂಗ್ ಸೀಮೆಯಲ್ಲಿ ಈ ವಿಧಾನ ಹುಟ್ಟಿ ಚೀನಾದ ಮೂಲಕ ಜಪಾನಿಗೆ ಬಂದಿರಬೇಕೆಂದು ನಾವೊಮಿಚಿ ಇಶಿಗೆಯವರಂಥ ವಿದ್ವಾಂಸರು ಊಹಿಸುತ್ತಾರೆ. ಉಪ್ಪು ಹಾಕಿದ ಮೀನನ್ನು ಬೆಂದ ಅನ್ನದ ನಡುವೆ ಅದುಮಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಬಿಟ್ಟರೆ ಅನ್ನ ಹುಳಿಯುತ್ತದೆ. ಆ ಹುಳಿಯೇ ಮೀನನ್ನು ಕಾಯುತ್ತದೆ. ತಿನ್ನುವಾಗ ಅನ್ನವನ್ನು ಕೆರೆದೆಸೆದು ಮೀನನ್ನಷ್ಟೇ ತಿನ್ನುತ್ತಿದ್ದರು. ಇಂದಿನ ಸುಶಿಯ ಜೀವಾಳವಾದ ಅನ್ನ ಅಂದು ಬರಿಯ ಪೊಟ್ಟಣವಾಗಿತ್ತು! ಬಿವಾ ಸರೋವರದ ದಂಡೆಯ ಶಿಗಾ ಪ್ರಾಂತದಲ್ಲಿ ಈ ಬಗೆಯ ಫುನಾಝುಶಿಯನ್ನು ಇಂದಿಗೂ ಮಾಡುತ್ತಾರೆ. ವಸಂತದಲ್ಲಿ ಹಿಡಿದ ಮೊಟ್ಟೆತುಂಬಿದ ಮೀನು ಮೊದಲು ಉಪ್ಪಿನಲ್ಲಿ, ಆಮೇಲೆ ಅನ್ನದಲ್ಲಿ ಮಲಗುತ್ತದೆ; ಅದರ ವಾಸನೆ ಮೊದಲ ಸಲ ಎದುರಿಸುವವರಿಗೆ ಸುಲಭದ್ದಲ್ಲ.

ಇಂಥ ಹುಳಿಮೀನು ಬಹಳ ಹಿಂದೆಯೇ ಸರ್ಕಾರದ ಕಡತವನ್ನೂ ಸೇರಿತ್ತು. 927ರಲ್ಲಿ ಸಿದ್ಧವಾದ ‘ಎಂಗಿಶಿಕಿ’ ಎಂಬ ಆಡಳಿತ ಸಂಹಿತೆಯಲ್ಲಿ ಯಾವ ಪ್ರಾಂತ ಯಾವ ಬಗೆಯ ಸುಶಿಯನ್ನು ಕಪ್ಪವಾಗಿ ಒಪ್ಪಿಸಬೇಕೆಂಬ ಪಟ್ಟಿಗಳಿವೆ. ಕೆಡದೆ ರಾಜಧಾನಿ ತಲುಪುವ ಪದಾರ್ಥವನ್ನಷ್ಟೇ ತೆರಿಗೆಯಾಗಿ ಪಡೆಯಲು ಸಾಧ್ಯವೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಶತಮಾನಗಳಲ್ಲಿ ಜನರ ತಾಳ್ಮೆ ಕಡಿಮೆಯಾಗುತ್ತ ಹೋಯಿತು. ಮುರೊಮಾಚಿ ಕಾಲದ ಹೊತ್ತಿಗೆ ಪೂರಾ ಹುಳಿಯುವ ಮುನ್ನವೇ ಬುಟ್ಟಿ ತೆರೆದು ಮೀನಿನೊಡನೆ ಅನ್ನವನ್ನೂ ತಿನ್ನತೊಡಗಿದರು. ಹದಿನೇಳನೆಯ ಶತಮಾನದಿಂದೀಚೆಗೆ, ಅನ್ನ ತಾನಾಗಿ ಹುಳಿಯಲೆಂದು ಕಾಯುವುದನ್ನೂ ಬಿಟ್ಟು ವಿನೆಗರ್ ಸುರಿದು ಹುಳಿ ಮಾಡುವ ‘ಹಾಯಾಝುಶಿ’, ಎಂದರೆ ಅವಸರದ ಸುಶಿ, ಹರಡಿತು. ಕಾಲ ಮಾಡುತ್ತಿದ್ದ ಕೆಲಸವನ್ನು ಮನುಷ್ಯನ ಕೈ ವಹಿಸಿಕೊಂಡದ್ದು ಇಲ್ಲಿಂದ. ಬಾಣಸಿಗನ ಕಸುಬು ಹುಟ್ಟಿದ್ದೂ ಇಲ್ಲಿಯೇ ಎಂದು ನಮ್ಮ ಎಣಿಕೆ. ಕಲ್ಲು ಹೇರಿ ಕಾಯುವವನನ್ನು ಬಾಣಸಿಗನೆನ್ನಲು ಮನಸ್ಸು ಒಪ್ಪದು.

ಇಂದಿನ ಟೋಕಿಯೋ ಆಗ ಎದೋ. ಹತ್ತು ಲಕ್ಷ ಜನರ ಮಹಾನಗರ. ಕಟ್ಟಡ ಕೆಲಸಕ್ಕೆ, ಕೂಲಿಗೆ, ಊಳಿಗಕ್ಕೆಂದು ಬಂದ ಒಂಟಿ ಗಂಡಸರ ದಂಡೇ ಅಲ್ಲಿತ್ತು. ಅವರಿಗೆ ಬೇಕಾದದ್ದು ನಿಂತಲ್ಲೇ ತಿಂದು ಹೋಗಬಹುದಾದ ಆಹಾರ. 1820ರ ದಶಕದಲ್ಲಿ ರ್‍ಯೋಗೊಕು ಎಂಬಲ್ಲಿ ಹನಾಯಾ ಯೋಹೆಯಿ (1799–1858) ಎಂಬಾತ, ಅಚ್ಚಿನಲ್ಲಿ ಒತ್ತುವ ಗೋಜಿಲ್ಲದೆ, ಅಂಗೈಯಲ್ಲೇ ಅನ್ನವನ್ನು ಹಿಡಿದು ಮೇಲೆ ಮೀನಿನ ಹೋಳಿಟ್ಟು ಕೊಡುವ ‘ನಿಗಿರಿ’ಗೆ ಹೆಸರಾದ. ನಿಗಿರಿ ಎಂದರೆ ಮುಷ್ಟಿಯಲ್ಲಿ ಹಿಡಿದದ್ದು. ಈ ಬಗೆಯನ್ನು ಆತನೇ ಮೊದಲು ಮಾಡಿದನೋ ಅಥವಾ ಊರಿನಲ್ಲಿ ಆಗಲೇ ಇದ್ದದ್ದನ್ನು ಹದಗೊಳಿಸಿದನೋ ಎಂಬ ತಕರಾರು ತೀರುವಂಥದ್ದಲ್ಲ. 1829ರ ಹಾಸ್ಯ ಚುಟುಕೊಂದು ಅನ್ನ ಹಿಡಿಯುವ ಕೈಗಳನ್ನು ಮಂತ್ರವಾದಿಯ ಮುದ್ರೆಗೆ ಹೋಲಿಸಿದೆ. ಎರಡು ಬೆರಳನ್ನು ಇನ್ನೊಂದು ಅಂಗೈಯ ಮೇಲೊತ್ತುವ ಆ ಭಂಗಿಯನ್ನು ಇಂದಿನ ಸುಶಿ ಕಟ್ಟೆಯೆದುರು ಕುಳಿತವರೂ ಥಟ್ಟನೆ ಗುರುತಿಸಬಲ್ಲರು.

ಎದೋ ನಗರದ ದಿನಚರಿಯನ್ನು ವಿವರವಾಗಿ ಬರೆದಿಟ್ಟ ಕಿತಾಗಾವಾ ಮೊರಿಸಾದಾ, ಬೀದಿಗೆ ಒಂದೆರಡು ಸುಶಿ ಅಂಗಡಿಗಳಿದ್ದುವೆಂದು ಹೇಳುತ್ತಾನೆ. ಬೀದಿಗಾಡಿಯ ಸುಶಿ ಬಡವರ ತಿಂಡಿ. ಒಂದೊಂದು ತುಂಡೂ ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ಗಿರಾಕಿ ನಿಂತು ತಿನ್ನುತ್ತಿದ್ದ, ಮಾರುವವನು ಕುಳಿತು ಹಿಡಿಯುತ್ತಿದ್ದ. ಚೀತಾ ಪರ್ಯಾಯದ್ವೀಪದ ಹಾಂದಾ ಊರಿನಲ್ಲಿ 1804ರಲ್ಲಿ ನಕಾನೊ ಮಾತಾಝಾಯೆಮೊನ್ ಆರಂಭಿಸಿದ, ಸಾಕೆ ಮದ್ಯದ ಗಸಿಯಿಂದ ತೆಗೆದ ಕೆಂಪು ವಿನೆಗರ್ ಹಡಗೇರಿ ಎದೋಗೆ ಬರುತ್ತಿತ್ತು. ಅಕ್ಕಿಯ ವಿನೆಗರಿಗಿಂತ ಅಗ್ಗವಾಗಿದ್ದ ಅದೇ ಎದೋ ಸುಶಿಯ ರುಚಿಯನ್ನು ತಿದ್ದಿತು. ಆ ಮನೆತನದ ಉದ್ಯಮ ಮಿತ್ಸುಕಾನ್ ಎಂಬ ಹೆಸರಿನಲ್ಲಿ ಇಂದಿಗೂ ವಿನೆಗರ್ ಮಾರುತ್ತಿದೆ.

ಮಂಜುಗಡ್ಡೆಯಿಲ್ಲದ ಕಾಲದ ಬೀದಿಗಾಡಿಯಲ್ಲಿ ಹಸಿ ಮೀನನ್ನು ಹಾಗೆಯೇ ಕೊಡುವಂತಿರಲಿಲ್ಲ. ಆದ್ದರಿಂದ ಪ್ರತಿಯೊಂದು ಜಾತಿಗೂ ಒಂದೊಂದು ಸಂಸ್ಕಾರ. ಟ್ಯೂನಾದ ಕೆಂಪು ಮಾಂಸವನ್ನು ಸೋಯಾ ಸಾಸಿನಲ್ಲಿ ನೆನೆಹಾಕುವುದು, ಸಿಗಡಿಯನ್ನು ಬೇಯಿಸುವುದು, ಹಾವುಮೀನನ್ನು ಮೆತ್ತಗೆ ಕುದಿಸಿ, ಆ ರಸವನ್ನೇ ಬತ್ತಿಸಿ ಮೇಲೆ ಸವರುವುದು, ಬಿಳಿ ಮೀನನ್ನು ಕೊಂಬು ಎಂಬ ಕಡಲಪಾಚಿಯ ಹಾಳೆಗಳ ನಡುವೆ ಒತ್ತಿಡುವುದು. ಇದಕ್ಕೆಲ್ಲ ಸೇರಿ ಜಪಾನೀ ಬಾಣಸಿಗರು ‘ಶಿಗೋತೊ’ ಎನ್ನುತ್ತಾರೆ. ಎಂದರೆ ಕೆಲಸ, ಅಷ್ಟೇ. ಗಿರಾಕಿಯ ಕಣ್ಣೆದುರು ನಡೆಯುವ ಹಿಡಿತದ ಚಮತ್ಕಾರಕ್ಕೆ ಆ ಹೆಸರಿಲ್ಲ. ಬೆಳಗಿನಿಂದ ಒಳಗೆ ನಡೆದದ್ದಕ್ಕೆ ಆ ಹೆಸರು. ಕಸುಬಿನವರು ತಮ್ಮ ಕಸುಬಿನ ತಿರುಳನ್ನು ಎಲ್ಲಿ ಕಂಡಿದ್ದಾರೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಈ ಕೆಲಸಗಳಲ್ಲಿ ಅತ್ಯಂತ ಕಠಿಣವೆಂದು ಹೆಸರಾದದ್ದು ಅಗ್ಗದ ಮೀನೊಂದರ ಮೇಲೆ ನಡೆಯುವ ಕೆಲಸ. ಕೊಹಾದಾ ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. ಬೆನ್ನಿನ ಮೇಲೆ ಚುಕ್ಕೆಗಳಿರುವ ಬೆಳ್ಳಿ ಬಣ್ಣದ ಸಣ್ಣ ಮೀನು. ಮುಳ್ಳು ಹೆಚ್ಚು, ಬೇಗ ಕೆಡುತ್ತದೆ. ಅದನ್ನು ಚಿಟ್ಟೆಯಂತೆ ಬಿಡಿಸಿ, ಬಿದಿರ ಬುಟ್ಟಿಯಲ್ಲಿ ಹರವಿ ಉಪ್ಪು ಚೆಲ್ಲಿ, ತೊಳೆದು, ವಿನೆಗರಿನಲ್ಲಿ ಮುಳುಗಿಸಿ ತೆಗೆದು, ಮತ್ತೆ ಇಡುತ್ತಾರೆ. ಉಪ್ಪಿನಲ್ಲಿ ಎಷ್ಟು ನಿಮಿಷ, ವಿನೆಗರಿನಲ್ಲಿ ಎಷ್ಟು ನಿಮಿಷ ಎಂಬುದು ಮೀನಿನ ಗಾತ್ರ, ಕೊಬ್ಬು, ಅಂದಿನ ಸೆಖೆ ಇವುಗಳ ಮೇಲೆ ನಿಂತಿದೆ. ನಿನ್ನೆಯ ಲೆಕ್ಕ ಇಂದಿಗೆ ಬಾರದು. ಬೆಲೆಬಾಳುವ ಟ್ಯೂನಾ ಕೊಂಡವನ ಹಣದ ರುಚಿಯನ್ನು ತೋರಿಸೀತು. ಬಾಣಸಿಗನ ರುಚಿ ನೋಡಬೇಕಾದರೆ ಕೊಹಾದಾ ಕೇಳಬೇಕೆಂಬ ಮಾತು ಎದೋ ಪರಂಪರೆಯ ರಸಿಕರಲ್ಲಿದೆ.

ಇನ್ನು ಅನ್ನ. ಸುಶಿಯ ಅನ್ನಕ್ಕೆ ಬಾಣಸಿಗರ ಒಳಮಾತಿನಲ್ಲಿ ‘ಶಾರಿ’ ಎಂಬ ಹೆಸರು. ಈ ಪದದ ಬೇರನ್ನು ಹಿಡಿದು ಹೋದರೆ ಅದು ಚೀನೀ ಬೌದ್ಧ ಗ್ರಂಥಗಳನ್ನು ದಾಟಿ ಸಂಸ್ಕೃತದ ‘ಶರೀರ’ಕ್ಕೆ, ಎಂದರೆ ನಮ್ಮ ಶರೀರಕ್ಕೇ, ಬಂದು ಮುಟ್ಟುತ್ತದೆ. ಬೌದ್ಧರಲ್ಲಿ ಶರೀರವೆಂದರೆ ಬುದ್ಧನ ಅಸ್ಥಿಯ ಅವಶೇಷ. ಬಿಳಿಯ ಅಗುಳುಗಳು ಆ ಪವಿತ್ರ ಚೂರುಗಳನ್ನು ಹೋಲುತ್ತವೆಂದು ಅನ್ನಕ್ಕೂ ಅದೇ ಹೆಸರು ಬಿತ್ತು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪಿಪ್ರಾಹ್ವಾದ ಅಸ್ಥಿಯ ತುಣುಕುಗಳನ್ನು ಕಂಡಿರುವ ನಮ್ಮ ದೆಹಲಿಯ ಗೆಳೆಯರಿಗೆ ಈ ಹೋಲಿಕೆ ಅತಿಶಯವೆನಿಸಲಾರದು. ಮೀನಿನ ಚೌಕಟ್ಟೆಯ ಮೇಲೆ ದಿನವಿಡೀ ಈ ಪದ ಓಡಾಡುತ್ತಿರುತ್ತದೆಂಬುದು ಭಾಷೆಗಳು ಆಡುವ ಒಂದು ವಿಚಿತ್ರ ಆಟ.

ಶಾರಿಗೆ ಗಿಡ್ಡ ಅಗುಳಿನ ಅಂಟು ಗುಣದ ಅಕ್ಕಿ ಬೇಕು. ಆದರೆ ಹೊಸ ಅಕ್ಕಿಯೇ ಶ್ರೇಷ್ಠವೆಂದು ಹಂಬಲಿಸುವ ಜಪಾನಿನಲ್ಲಿ ಸುಶಿಯವರಲ್ಲಿ ಹಲವರು ಹಳೆಯ ಅಕ್ಕಿಯನ್ನು ಹುಡುಕುತ್ತಾರೆ, ಇಲ್ಲವೇ ಹೊಸದರೊಡನೆ ಅದನ್ನು ಬೆರೆಸುತ್ತಾರೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆ ಅಕ್ಕಿ ಉದುರಾಗುತ್ತದೆ ಎಂಬುದನ್ನು ನಮ್ಮ ಅಡುಗೆಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ತೇವ ಕಡಿಮೆಯಿರುವ ಅಗುಳು ವಿನೆಗರನ್ನು ಚೆನ್ನಾಗಿ ಹೀರುತ್ತದೆ. ನೀರು ಕಡಿಮೆ ಹಾಕಿ ಬೇಯಿಸಿದ ಅನ್ನವನ್ನು ಅಗಲವಾದ ಮರದ ಮರಿಗೆಗೆ ಬಗ್ಗಿಸಿ, ಬಿಸಿಯಿರುವಾಗಲೇ ಉಪ್ಪು ಬೆರೆಸಿದ ವಿನೆಗರ್ ಚಿಮುಕಿಸಿ, ಮರದ ಸಟ್ಟುಗದಿಂದ ಕತ್ತರಿಸುವಂತೆ ಬಿಡಿಸುತ್ತಾರೆ. ಕಲೆಸಿದರೆ ಅಗುಳು ನುರಿಯುತ್ತದೆ. ಬಳಿಕ ಬೀಸಣಿಗೆಯ ಗಾಳಿ. ಪುಳಿಯೋಗರೆಗೆ ಅನ್ನ ಹರವುವಾಗ ಹಿರಿಯರು ‘ಅಗುಳು ಮುರಿಯಬೇಡ’ ಎಂದು ಎಚ್ಚರಿಸುವುದು ಇದೇ ಕಾರಣಕ್ಕೆ. ಅಲ್ಲಿಂದ ಮುಂದೆ ಮಾತ್ರ ದಾರಿ ಬೇರೆ: ಸುಶಿಯ ಅನ್ನ ಪೂರ್ತಿ ತಣ್ಣಗಾಗಬಾರದು, ಮೈಬಿಸಿಯಷ್ಟೇ ಉಳಿದಿರಬೇಕು.

ಹಿಡಿಯುವುದು ಕೆಲವೇ ಕ್ಷಣಗಳ ಕೆಲಸ. ವಿನೆಗರ್ ಬೆರೆಸಿದ ನೀರಿನಲ್ಲಿ ಕೈ ಒದ್ದೆಮಾಡಿಕೊಂಡು, ಬಲಗೈಯಲ್ಲಿ ಹದಿನೈದಿಪ್ಪತ್ತು ಗ್ರಾಂ ಅನ್ನ ತೆಗೆದು, ಎಡ ಅಂಗೈಯ ಹೋಳಿನ ಮೇಲೆ ವಸಾಬಿ ಸವರಿ, ಅನ್ನವಿಟ್ಟು, ಹೊರಳಿಸಿ, ಒತ್ತಿ, ಮತ್ತೊಮ್ಮೆ ಹೊರಳಿಸಿ ಇಟ್ಟರೆ ಮುಗಿಯಿತು. ನುರಿತವನ ಬೆರಳಿಗೆ ತಕ್ಕಡಿ ಬೇಡ, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಅನ್ನ ಬರುತ್ತದೆ. ಹೊರಗಿನ ಅಗುಳುಗಳು ಪರಸ್ಪರ ಹಿಡಿದಿರಬೇಕು, ಒಳಗೆ ಗಾಳಿಯಿರಬೇಕು. ಎತ್ತಿದಾಗ ಚದುರಬಾರದು, ಬಾಯಲ್ಲಿ ತಾನಾಗಿ ಬಿಚ್ಚಿಕೊಳ್ಳಬೇಕು. ಯಂತ್ರ ಇಂದಿಗೂ ತಡವರಿಸುವುದು ಈ ಕಡೆಯ ಶರತ್ತಿನಲ್ಲಿ.

ಚೂರಿಯ ಬಗ್ಗೆ ಒಂದೆರಡು ಮಾತು ಸಾಕು. ಯಾನಾಗಿಬಾ ಎಂಬ ಉದ್ದನೆಯ ಚೂರಿಗೆ ಒಂದೇ ಮಗ್ಗುಲಿನಲ್ಲಿ ಅಲಗು. ಒಸಾಕಾದ ಪಕ್ಕದ ಸಕಾಯಿ ಊರು ಇದಕ್ಕೆ ಹೆಸರುವಾಸಿ. ಗರಗಸದಂತೆ ಹಿಂದೆ ಮುಂದೆ ಆಡಿಸದೆ, ಹಿಡಿಯ ಬುಡದಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಹೋಳು ತೆಗೆದರೆ ಕೊಯ್ದ ಮೈ ಕನ್ನಡಿಯಂತಿರುತ್ತದೆ. ಕೆಲಸ ಮುಗಿದ ಮೇಲೆ ಸಾಣೆಕಲ್ಲಿನ ಮುಂದೆ ನಿಲ್ಲುವುದೂ ದಿನಚರಿಯ ಭಾಗವೇ.

ಬಡವರ ತಿಂಡಿಯೆಂದು ಹೊರಟ ಸುಶಿ ಬೇಗನೆ ಎರಡು ದಾರಿ ಹಿಡಿಯಿತು. 1841ರಿಂದ 1843ರವರೆಗಿನ ತೆಂಪೊ ಸುಧಾರಣೆಗಳ ಕಾಲದಲ್ಲಿ, ದುಬಾರಿ ಸುಶಿ ಮಾರಿ ದುಂದುವೆಚ್ಚಕ್ಕೆ ಕುಮ್ಮಕ್ಕು ಕೊಟ್ಟರೆಂದು ಎದೋದ ಅಂಗಡಿಕಾರರಿಗೆ ಸರ್ಕಾರ ಕೈಕೋಳ ತೊಡಿಸಿತು. ಯೋಹೆಯಿಯೂ ಅವರಲ್ಲೊಬ್ಬನೆಂದು ಹೇಳುತ್ತಾರೆ. ಕಸುಬೇ ಕೈಯದ್ದಾಗಿರುವವರಿಗೆ ಕೈಗೇ ಶಿಕ್ಷೆ!

ಬೀದಿಗಾಡಿ ಮತ್ತು ಅದರ ಮುಂದೆ ನಿಂತ ಬಡವ, ಇವರಿಬ್ಬರ ನಡುವಿನ ದೂರವನ್ನು ನಾಓಯಾ ಶಿಗಾ 1920ರಲ್ಲಿ ಪ್ರಕಟಿಸಿದ ‘ಅಂಗಡಿ ಹುಡುಗನ ದೇವರು’ ಎಂಬ ಸಣ್ಣಕತೆ ನಾಲ್ಕು ಸಾಲಿನಲ್ಲಿ ಅಳೆದುಬಿಟ್ಟಿದೆ. ತಕ್ಕಡಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಸೆಂಕಿಚಿ. ದೊಡ್ಡವರು ಕೊಬ್ಬಿನ ಟ್ಯೂನಾದ ಬಗ್ಗೆ ಆಡುವ ಮಾತು ಕೇಳಿ ಬಾಯಲ್ಲಿ ನೀರೂರಿಸಿಕೊಂಡು, ಟ್ರಾಮಿನ ಖರ್ಚಿನಲ್ಲಿ ಉಳಿಸಿದ ನಾಲ್ಕು ಸೆನ್ ಹಿಡಿದು ಗಾಡಿಯ ಮುಂದೆ ಬಂದು ಒಂದು ಸುಶಿ ಎತ್ತಿಕೊಳ್ಳುತ್ತಾನೆ. ಅದರ ಬೆಲೆ ಆರು ಸೆನ್ ಎಂದು ತಿಳಿದು ಮರಳಿ ಇಟ್ಟು ಹೋಗುತ್ತಾನೆ. ಇಂಗ್ಲಿಷ್ ಸಾಹಿತ್ಯದ ತರಗತಿಗಳಲ್ಲಿ ಡಿಕನ್ಸನ ಹಸಿದ ಹುಡುಗರನ್ನು ಓದಿ ಬೆಳೆದ ನಮಗೆ, ಆಲಿವರನು ಇನ್ನಷ್ಟು ಬೇಕೆಂದು ಬಟ್ಟಲು ಚಾಚಿದ್ದಕ್ಕಿಂತ ಸೆಂಕಿಚಿ ಎತ್ತಿದ್ದನ್ನು ಕೆಳಗಿಟ್ಟದ್ದೇ ಹೆಚ್ಚು ಕಾಡುತ್ತದೆ.

ಸುಶಿ ಅಂಗಡಿಯ ಒಳಗೂ ಇಂಥ ಸೆಂಕಿಚಿಗಳೇ ಇದ್ದರು. ಹದಿಹರೆಯಕ್ಕೆ ಬರುವ ಹೊತ್ತಿಗೆ ಸೇರಿ, ಅಂಗಡಿಯಲ್ಲೇ ಮಲಗಿ, ಪಾತ್ರೆ ಬೆಳಗಿ, ನೆಲ ಒರೆಸಿ, ಮನೆಮನೆಗೆ ಸುಶಿ ಒಯ್ದು ಕೊಡುವುದೇ ಮೊದಲ ಕೆಲವು ವರ್ಷಗಳ ಪಾಠ. ಗುರು ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಶಿಷ್ಯ ಕಣ್ಣಿನಿಂದ ಕದಿಯಬೇಕು. ಹನ್ನೊಂದು ವರ್ಷದ ಲೆಕ್ಕ ಹಾಕುವವರು ಇದರಲ್ಲಿ ಎಷ್ಟು ಕಲಿಕೆ, ಎಷ್ಟು ಪುಕ್ಕಟೆ ದುಡಿತ ಎಂಬುದನ್ನು ಬಿಡಿಸಿ ಹೇಳುವುದಿಲ್ಲ.

1923ರ ಸೆಪ್ಟೆಂಬರ್ 1ರಂದು ಟೋಕಿಯೋವನ್ನು ನೆಲಕ್ಕುರುಳಿಸಿದ ಭೂಕಂಪ ನಿಹೊನ್‌ಬಾಶಿಯ ಹಳೆಯ ಮೀನು ಮಾರುಕಟ್ಟೆಯನ್ನೂ ಸುಟ್ಟಿತು. ಕೆಲಸ ಕಳೆದುಕೊಂಡ ಬಾಣಸಿಗರು ತಂತಮ್ಮ ಊರುಗಳಿಗೆ ಮರಳಿದರು. ಅವರೊಡನೆ ಎದೋದ ನಿಗಿರಿಯೂ ದೇಶದುದ್ದಗಲ ಹರಡಿತು. ಮಾರುಕಟ್ಟೆ ತ್ಸುಕಿಜಿಗೆ ಹೋಯಿತು. 1935ರಲ್ಲಿ ಅಲ್ಲಿ ವಿಧ್ಯುಕ್ತವಾಗಿ ತೆರೆಯಿತು. 2018ರಲ್ಲಿ ಅಲ್ಲಿಂದಲೂ ಎದ್ದು ತೊಯೊಸುಗೆ ಸ್ಥಳಾಂತರವಾಯಿತು.

ಆದರೆ ಸುಶಿಯ ಚರಿತ್ರೆಯಲ್ಲಿ ನಮಗೆ ಅತ್ಯಂತ ಇಷ್ಟವಾದ ಪ್ರಸಂಗ ಇದಾದ ಮೇಲಿನದು. ಸರ್ಕಾರಿ ಆದೇಶಗಳನ್ನು ಓದುವುದೂ ಬರೆಯುವುದೂ ಹೊಟ್ಟೆಪಾಡಾಗಿರುವುದರಿಂದ ಈ ಪಕ್ಷಪಾತವನ್ನು ಓದುಗರು ಮನ್ನಿಸಬೇಕು. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಕ್ಕಿಗೆ ಪಡಿತರ. 1947ರ ಜುಲೈನಲ್ಲಿ ಹೊರಟ ತುರ್ತು ಆಜ್ಞೆ ಊಟದ ಅಂಗಡಿಗಳನ್ನು ಮುಚ್ಚಿಸಿತು. ಟೋಕಿಯೋದ ಸುಶಿ ವರ್ತಕರು ಅಧಿಕಾರಿಗಳ ಬಳಿ ಹೋಗಿ ಒಂದು ಯುಕ್ತಿಯನ್ನು ಮುಂದಿಟ್ಟರು: ನಾವು ಊಟ ಮಾರುವವರೇ ಅಲ್ಲ, ಗಿರಾಕಿ ತರುವ ಅಕ್ಕಿಯನ್ನು ಸುಶಿಯಾಗಿ ಪರಿವರ್ತಿಸಿ ಕೊಡುವ ಕೂಲಿಗಳು! ಗಿರಾಕಿ ತನ್ನ ಪಡಿತರದ ಒಂದು ಗೋ ಅಕ್ಕಿ, ಎಂದರೆ ಸುಮಾರು ನೂರೈವತ್ತು ಗ್ರಾಂ, ತಂದುಕೊಟ್ಟರೆ ಹತ್ತು ಸುಶಿ. ತೆರಬೇಕಾದದ್ದು ಮಾಡಿಕೊಟ್ಟ ಕೂಲಿ ಮಾತ್ರ. ನಮ್ಮೂರಿನ ಹಿಟ್ಟಿನ ಗಿರಣಿಗೆ ರಾಗಿ ಒಯ್ದು ಬೀಸಿಸಿಕೊಂಡು ಬರುವಂತೆ. ಅಧಿಕಾರಿಗಳು ಒಪ್ಪಿದರು.

ಈ ಏರ್ಪಾಡನ್ನು ದೇಶದ ಉಳಿದ ಭಾಗಗಳೂ ಅನುಸರಿಸಿದುವು. ಒಂದು ಗೋ ಅಕ್ಕಿಗೆ ಹತ್ತು ಎಂಬ ಲೆಕ್ಕವೇ ನಿಂತುಬಿಟ್ಟಿತು. ಹಿಂದಿನ ದೊಡ್ಡ ತುಂಡು ಹೋಗಿ ಇಂದಿನ ಚಿಕ್ಕ ಗಾತ್ರ ನೆಲೆಯೂರಿದ್ದರಲ್ಲಿ ಇದರ ಪಾಲು ದೊಡ್ಡದು. ಅನುಮತಿಯಿದ್ದದ್ದು ಟೋಕಿಯೋ ಮಾದರಿಯ ನಿಗಿರಿಗೆ. ಒಸಾಕಾದ ಒತ್ತು ಸುಶಿಯಂಥ ಪ್ರಾದೇಶಿಕ ಬಗೆಗಳು ಹಿಂದೆ ಸರಿದುವು. ರುಚಿ ಅಡುಗೆಮನೆಯಲ್ಲಿ ಹುಟ್ಟುತ್ತದೆಂದು ನಂಬಿರುವ ನಾವು ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ. ಇಂದು ಲೋಕವೆಲ್ಲ ಸುಶಿಯೆಂದು ಗುರುತಿಸುವ ಆಕಾರಕ್ಕೆ ಒಂದು ಪಡಿತರ ವ್ಯವಸ್ಥೆಯ ಅಳತೆಪಾವು ಅಚ್ಚಾಗಿತ್ತು.

ಆಮೇಲೆ ಬದಲಾವಣೆಗಳು ಒಂದರ ಬೆನ್ನಿಗೊಂದು ಬಂದುವು. ಬಿಯರ್ ಕಾರ್ಖಾನೆಯ ಚಲಿಸುವ ಪಟ್ಟಿಯನ್ನು ಕಂಡು ಯೋಶಿಯಾಕಿ ಶಿರಾಯಿಶಿ 1958ರಲ್ಲಿ ಇಂದಿನ ಹಿಗಾಶಿ ಒಸಾಕಾದಲ್ಲಿ ತಟ್ಟೆಗಳು ತಾವಾಗಿ ಸುತ್ತುವ ಗೆನ್ರೊಕು ಸುಶಿಯ ಅಂಗಡಿ ತೆರೆದರು. ಸೆಂಕಿಚಿಯಂಥವರು ಬೆಲೆ ಕೇಳಿ ಅವಮಾನಪಡದೆ ತಿನ್ನುವಂತಾದದ್ದು ಆಗಿನಿಂದ. 1981ರಲ್ಲಿ ಸುಝುಮೊ ಕಂಪನಿಯ ಯಂತ್ರ ಅನ್ನ ಹಿಡಿಯಲು ಬಂತು. ಇತ್ತ 1972ರ ಆಗಸ್ಟಿನಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಭಾರಿ ಟ್ಯೂನಾಗಳು ವಿಮಾನವೇರಿ ತ್ಸುಕಿಜಿಯ ಹರಾಜಿಗೆ ಬಂದಿದ್ದುವು. ಜಪಾನಿನ ವಿದ್ಯುನ್ಮಾನ ಸರಕನ್ನು ಅಮೆರಿಕಕ್ಕೆ ಒಯ್ದ ವಿಮಾನಗಳು ಬರಿದಾಗಿ ಮರಳುತ್ತಿದ್ದುವು. ಆ ಖಾಲಿ ಹೊಟ್ಟೆಯನ್ನು ಮೀನಿನಿಂದ ತುಂಬಿದರು. ಒಂದು ಕಾಲಕ್ಕೆ ಬೆಕ್ಕೂ ದಾಟಿ ಹೋಗುವುದೆಂದು ಹಂಗಿಸಿಕೊಂಡಿದ್ದ ಟ್ಯೂನಾದ ಕೊಬ್ಬಿನ ಹೊಟ್ಟೆಭಾಗ ಈಗ ಎಲ್ಲಕ್ಕಿಂತ ದುಬಾರಿ. 2019ರ ಹೊಸವರ್ಷದ ಹರಾಜಿನಲ್ಲಿ 278 ಕಿಲೋದ ಒಂದೇ ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು.

ಮೀನನ್ನು ಕೆಡದಂತೆ ಕಾಯುವ ಮೂಲ ಅಗತ್ಯವನ್ನು ಶೈತ್ಯಯಂತ್ರ ಹೀಗೆ ಕಿತ್ತುಕೊಂಡಿತು. ಉಪ್ಪು ವಿನೆಗರಿನ ಸಂಸ್ಕಾರಗಳು ಅಳಿದುಹೋಗಬೇಕಿತ್ತು, ಅಳಿಯಲಿಲ್ಲ. ಆಗತಾನೆ ಕೊಂದ ಮೀನು ಬಿರುಸು, ರುಚಿಯಲ್ಲಿ ಸಪ್ಪೆ. ಅದರ ಸ್ನಾಯುವಿನ ಶಕ್ತಿದ್ರವ್ಯ ನಿಧಾನವಾಗಿ ಒಡೆದು ಇನೊಸಿನಿಕ್ ಆಮ್ಲವಾದಾಗಲೇ ಉಮಾಮಿ ಎಂಬ ರುಚಿ ಏರುವುದು. ಹಾಗಾಗಿ ಮಿದುಳಿಗೆ ಸೂಜಿಯಿಟ್ಟು ತಕ್ಷಣ ಕೊಂದು ರಕ್ತ ಬಸಿಯುವ ‘ಇಕೆಜಿಮೆ’ಯಿಂದ ಬಿಗುಪನ್ನು ತಡಮಾಡಿಸಿ, ಬಿಳಿ ಮೀನನ್ನು ಕೆಲವು ದಿನ, ಟ್ಯೂನಾವನ್ನು ವಾರಕ್ಕೂ ಹೆಚ್ಚು ಕಾಲ ಇಟ್ಟು ಹದ ನೋಡುವ ಬಾಣಸಿಗರು ಇಂದು ಅನೇಕರಿದ್ದಾರೆ. ಕಾಯುವ ಅನಿವಾರ್ಯ ತೀರಿದ ಮೇಲೆ ಕಾಯುವ ವಿದ್ಯೆ ರುಚಿಯ ವಿದ್ಯೆಯಾಗಿ ಉಳಿಯಿತು. ಆದರೆ ಹಳೆಯ ವಿದ್ಯೆಯೊಂದೇ ಸಾಲದು ಎಂಬುದನ್ನೂ ಹೇಳಬೇಕು. ಬಂಗುಡೆಯ ಬಳಗದ ಮೀನುಗಳಲ್ಲಿರುವ ಅನಿಸಾಕಿಸ್ ಎಂಬ ಹುಳು ಉಪ್ಪಿಗೂ ವಿನೆಗರಿಗೂ ಸಾಯದು; ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ದಿನವಾದರೂ ಹೆಪ್ಪುಗಟ್ಟಿಸಿಡಬೇಕೆಂಬುದು ಜಪಾನಿನ ಆರೋಗ್ಯ ಇಲಾಖೆಯ ಸೂಚನೆ. ಇಂದಿನ ಬಾಣಸಿಗ ಇದನ್ನೂ ಕಲಿತಿರಬೇಕು.

ಪರಂಪರೆಯ ಹೆಸರಿನಲ್ಲಿ ನಡೆದು ಬಂದದ್ದೆಲ್ಲ ವಿದ್ಯೆಯೂ ಅಲ್ಲ. ಹೆಂಗಸರ ಕೈ ಬೆಚ್ಚಗಿರುತ್ತದೆ, ಮೀನು ಕೆಡುತ್ತದೆ ಎಂದು ಹೇಳಿ ಅವರನ್ನು ಸುಶಿಯ ಕಟ್ಟೆಯಿಂದ ದೂರವಿಟ್ಟಿದ್ದರು. ಕೆಲವೇ ಕ್ಷಣ ಅಂಗೈಯಲ್ಲಿರುವ ಹೋಳು, ಅದೂ ಒದ್ದೆ ಕೈಯಲ್ಲಿ! ಈ ವಾದ ತರ್ಕಕ್ಕೆ ನಿಲ್ಲುವುದಿಲ್ಲ. 2010ರಲ್ಲಿ ಟೋಕಿಯೋದ ಅಕಿಹಬರಾದಲ್ಲಿ ಹೆಂಗಸರೇ ಹಿಡಿಯುವ ನದೆಶಿಕೊ ಸುಶಿ ತೆರೆಯಿತು.

ನಮ್ಮ ಹೊರನಾಡ ಓದುಗರಿಗೆ ಸುಶಿ ಹತ್ತಿರವಾದದ್ದು ದೊಡ್ಡ ಹೋಟೆಲುಗಳ ಮೂಲಕ. ಮುಂಬಯಿಯ ತಾಜ್ ಹೋಟೆಲಿನಲ್ಲಿ ಮೊರಿಮೊಟೊ ಹೆಸರಿನ ವಸಾಬಿ 2004ರಲ್ಲಿ ಆರಂಭವಾಯಿತು. ಈಗ ಪುಣೆ, ಹೈದರಾಬಾದು, ಚೆನ್ನೈಗಳಲ್ಲೂ ಸುಶಿ ಸಿಗುತ್ತದೆ. ಕಟ್ಟೆಯ ಹಿಂದೆ ನಿಂತು ಹಿಡಿಯುವವರಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಂದಲೂ ನೇಪಾಳದಿಂದಲೂ ಬಂದ ತರುಣರು ಅನೇಕ. ಊರು ಬಿಟ್ಟು ಬಂದು ಇನ್ನೊಬ್ಬರ ಊರಿನ ರುಚಿಯನ್ನು ಕೈಗೆ ಕಲಿಸಿಕೊಂಡವರು ಅವರು. ಉಡುಪಿಯ ಕಡೆಯಿಂದ ಹೊರಟು ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತ ರಾತ್ರಿಶಾಲೆಗಳಲ್ಲಿ ಓದಿದವರ ಮೊಮ್ಮಕ್ಕಳು ನಮ್ಮ ಬಳಗದಲ್ಲಿದ್ದಾರೆ. ಅವರಿಗೆ ಈ ತರುಣರ ದಿನಚರಿಯನ್ನು ವಿವರಿಸಬೇಕಾಗಿಲ್ಲ.

ಹೊರದೇಶಗಳಲ್ಲಿ ಯಾರು ಬೇಕಾದರೂ ಸುಶಿ ಮಾಡುತ್ತಿರುವುದು ಜಪಾನ್ ಸರ್ಕಾರಕ್ಕೂ ಚಿಂತೆಗಿಟ್ಟುಕೊಂಡಿತು. 2006ರಲ್ಲಿ ಅಲ್ಲಿನ ಕೃಷಿ ಸಚಿವಾಲಯ ವಿದೇಶಗಳಲ್ಲಿನ ‘ನಿಜವಾದ’ ಜಪಾನೀ ಹೋಟೆಲುಗಳಿಗೆ ಪ್ರಮಾಣಪತ್ರ ಕೊಡಲು ಹೊರಟಾಗ ಪತ್ರಿಕೆಗಳು ‘ಸುಶಿ ಪೊಲೀಸರು’ ಎಂದು ನಗೆಯಾಡಿದುವು. ಯೋಜನೆ ಮುದುಡಿತು. 2016ರಲ್ಲಿ ಅದೇ ಸಚಿವಾಲಯ ವಿದೇಶೀ ಬಾಣಸಿಗರಿಗೆ ಚಿನ್ನ, ಬೆಳ್ಳಿ, ಕಂಚು ಎಂಬ ಮೂರು ದರ್ಜೆಗಳನ್ನು ಗೊತ್ತುಪಡಿಸಿತು. ಚಿನ್ನಕ್ಕೆ ಬೇಕಾದದ್ದು ಸುಮಾರು ಎರಡು ವರ್ಷಗಳ ಅನುಭವ. ಹನ್ನೊಂದು ವರ್ಷ, ಮೂರು ತಿಂಗಳು, ಶೂನ್ಯ ಎಂಬ ನಮ್ಮ ಪಟ್ಟಿಗೆ ಹೀಗೆ ಎರಡು ವರ್ಷವೆಂಬ ಸರ್ಕಾರಿ ಉತ್ತರವೂ ಸೇರಿತು.

ಇದಕ್ಕೆ ಒಂದು ವರ್ಷ ಮುಂಚೆ ಜಪಾನಿನ ಉದ್ಯಮಿ ತಕಾಫುಮಿ ಹೊರಿಯೆ, ಸುಶಿಗಾಗಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡುವುದು ಮೂರ್ಖತನವೆಂದು ಬಹಿರಂಗವಾಗಿ ಹೇಳಿ ದೊಡ್ಡ ಗದ್ದಲವೆಬ್ಬಿಸಿದ್ದರು. ಮೂರು ತಿಂಗಳ ತರಬೇತಿ ಪಡೆದವರು ನಡೆಸುತ್ತಿದ್ದ ಒಸಾಕಾದ ಅಂಗಡಿಯೊಂದು ತೆರೆದ ವರ್ಷದೊಳಗೇ ಮಿಶೆಲಿನ್ ಕೈಪಿಡಿಯ ಮೆಚ್ಚುಗೆಯ ಪಟ್ಟಿ ಸೇರಿ ಅವರ ಮಾತಿಗೆ ಬಲ ತಂದಿತು. ಇನ್ನೊಂದು ಕಡೆ 1925ರಲ್ಲಿ ಹುಟ್ಟಿದ ಜಿರೊ ಒನೊ. ಅವರ ಬಗೆಗಿನ 2011ರ ಸಾಕ್ಷ್ಯಚಿತ್ರದಲ್ಲಿ ಶಿಷ್ಯನೊಬ್ಬ, ತಾನು ಮಾಡಿದ ಮೊಟ್ಟೆಯ ಸುಶಿ ಇನ್ನೂರಕ್ಕೂ ಹೆಚ್ಚು ಸಲ ತಿರಸ್ಕೃತವಾದ ಮೇಲೆ ಒಪ್ಪಿಗೆ ಸಿಕ್ಕಾಗ ಅತ್ತದ್ದನ್ನು ಹೇಳಿಕೊಳ್ಳುತ್ತಾನೆ. ಸಿನಿಮಾ ನೋಡಿದವರೆಲ್ಲ ಆ ಕಣ್ಣೀರಿಗೆ ತಲೆಬಾಗಿದರು. ನಮಗಾದರೋ ಒಂದು ಸಣ್ಣ ಅನುಮಾನ ಉಳಿದಿದೆ: ಎಲ್ಲಿ ತಪ್ಪಿತೆಂದು ಹತ್ತನೆಯ ಸಲವೇ ಬಾಯಿಬಿಟ್ಟು ಹೇಳಿದ್ದರೆ?

ಹೊರಿಯೆಯವರ ಮಾತಿನ ಅರ್ಧವನ್ನು ನಾವು ಒಪ್ಪುತ್ತೇವೆ. ಅನ್ನ ಬೇಯಿಸುವುದು, ಚೂರಿ ಹಿಡಿಯುವುದು, ಅಂಗೈಯಲ್ಲಿ ಹೊರಳಿಸುವುದು ಇವನ್ನು ಮನಸ್ಸಿಟ್ಟು ಕಲಿಸಿದರೆ ಕೆಲವು ತಿಂಗಳಲ್ಲಿ ಬರುತ್ತವೆ. ಮೂರು ವರ್ಷ ಪಾತ್ರೆ ತೊಳೆಯಬೇಕಿಲ್ಲ. ಹಳೆಯ ಅಂಗಡಿಗಳು ಕಲಿಕೆಯ ಹೆಸರಿನಲ್ಲಿ ಹುಡುಗರ ಪ್ರಾಯವನ್ನು ಅಗ್ಗವಾಗಿ ಕೊಂಡದ್ದು ದಿಟ. ಒಪ್ಪದಿರುವ ಅರ್ಧ ಕೊಹಾದಾದ್ದು. ಆ ಮೀನಿಗೆ ಬೆಳೆದಂತೆ ಹೆಸರು ಬದಲಾಗುತ್ತದೆ: ಶಿಂಕೊ, ಕೊಹಾದಾ, ನಕಾಝುಮಿ, ಕೊನೊಶಿರೊ. ಬೆರಳುದ್ದದ ಮರಿ ಶಿಂಕೊ ಮಾರುಕಟ್ಟೆಗೆ ಬರುವುದು ಬೇಸಿಗೆಯ ಕೆಲವೇ ವಾರ. ಒಂದು ಸುಶಿಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕೈದು ಮರಿಗಳನ್ನು ಜೋಡಿಸಬೇಕು. ಉಪ್ಪು ಅರೆನಿಮಿಷ ಹೆಚ್ಚಾದರೂ ಕೆಟ್ಟಿತು. ಹನ್ನೊಂದು ವರ್ಷ ನಿಂತವನು ಆ ವಾರಗಳನ್ನು ಹನ್ನೊಂದು ಸಲ ಕಾಣುತ್ತಾನೆ, ಎರಡು ವರ್ಷದ ಚಿನ್ನದ ದರ್ಜೆಯವನು ಎರಡು ಸಲ, ಚಳಿಗಾಲದಲ್ಲಿ ಮೂರು ತಿಂಗಳ ಶಾಲೆ ಮುಗಿಸಿದವನು ಒಮ್ಮೆಯೂ ಇಲ್ಲ. ಇನ್ನು ಆ ವಾರಗಳಲ್ಲಿ ಶಿಷ್ಯನನ್ನು ಉಪ್ಪಿನ ಬುಟ್ಟಿಯ ಪಕ್ಕ ನಿಲ್ಲಿಸಿಕೊಳ್ಳುತ್ತಾರೋ, ಇಲ್ಲ ಆಗಲೂ ಪಾತ್ರೆಗಳ ಬಳಿಗೇ ಅಟ್ಟುತ್ತಾರೋ ಎಂದು ಕೇಳಿದರೆ, ಅಂಗಡಿ ಕಲಿಸುತ್ತಿದೆಯೋ ದುಡಿಸಿಕೊಳ್ಳುತ್ತಿದೆಯೋ ತಿಳಿದುಹೋಗುತ್ತದೆ.